ಹತ್ತು ಅಂಕಿಯ ಸಮಯ, ತಾರೀಖು ತಪ್ಪಿದ ಮೂರು ಬಿಲ್

ಇವತ್ತು ಒಂದು ಸಂಖ್ಯೆಯಿಂದ ಶುರು ಮಾಡ್ತೀನಿ: 1711917000. ಫೋನ್ ನಂಬರ್ ಅಲ್ಲ, ಇದೊಂದು ಸಮಯ.

ನಾನು ಓದಿದ್ದು ಬಿ.ಕಾಂ. ಕೋಡಿಂಗ್ ಆಮೇಲೆ ನಾನೇ ಕೂತು ಕಲಿತದ್ದು. ನಮ್ಮಕ್ಕನ ಮಸಾಲೆ ಪುಡಿ ವ್ಯಾಪಾರಕ್ಕೆ ಪಿಎಚ್‌ಪಿಯಲ್ಲಿ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. 2024ರ ಏಪ್ರಿಲ್ ಮೊದಲ ವಾರ ಆಡಿಟರ್ ಫೋನ್ ಮಾಡಿದರು. "ಏನಪ್ಪಾ, ಬ್ಯಾಂಕಿಗೆ ದುಡ್ಡು ಬಂದಿರೋದು ಏಪ್ರಿಲ್ 1ಕ್ಕೆ, ಬಿಲ್ ಮಾತ್ರ ಮಾರ್ಚ್ 31ರದ್ದು?"

ಅಂಥ ಬಿಲ್ ಮೂರಿದ್ದವು. ಕಾಮರ್ಸ್ ಓದಿದವರಿಗೆ ಗೊತ್ತು, ಇದು ಒಂದು ದಿನದ ತಪ್ಪಲ್ಲ, ಒಂದು ವರ್ಷದ ತಪ್ಪು. ಮಾರ್ಚ್ 31ಕ್ಕೆ ಆರ್ಥಿಕ ವರ್ಷವೇ ಮುಗಿಯುತ್ತೆ. ಹೊಸ ವರ್ಷದ ಮಾರಾಟ ಹಳೇ ವರ್ಷದ ಲೆಕ್ಕಕ್ಕೆ, ಮಾರ್ಚ್‌ನ ಜಿಎಸ್‌ಟಿಗೆ ಸೇರಿಕೊಂಡಿತ್ತು.

ಆಗಿದ್ದು ಇಷ್ಟು. ಸರ್ವರ್ ಸಮಯವನ್ನು ತಾರೀಖಾಗಿ ನೆನಪಿಡಬೇಕಾಗಿಲ್ಲ. 1970ರ ಜನವರಿ 1, ಯುಟಿಸಿ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಕಳೆಯಿತು ಅಂತ ಎಣಿಸಿಟ್ಟರೆ ಸಾಕು. ಇದೇ ಯೂನಿಕ್ಸ್ ಟೈಮ್‌ಸ್ಟ್ಯಾಂಪ್. ಒಂದು ಕ್ಷಣಕ್ಕೆ ಬೆಂಗಳೂರಲ್ಲೂ ಲಂಡನ್ನಲ್ಲೂ ಒಂದೇ ಸಂಖ್ಯೆ. ಅದನ್ನು ತಾರೀಖು ಮಾಡುವಾಗ ಎರಡು ವಿಷಯ ಹೇಳಬೇಕು: ಯಾವ ರೂಪದಲ್ಲಿ, ಯಾವ ಊರಿನ ಗಡಿಯಾರದ ಪ್ರಕಾರ.

ರೂಪ ಸುಲಭ. ಪಿಎಚ್‌ಪಿಯ ಡೇಟ್ ಫಂಕ್ಷನ್‌ಗೆ ಸಣ್ಣ ಡಿ ಅಂದರೆ ದಿನ, ಸಣ್ಣ ಎಂ ಅಂದರೆ ತಿಂಗಳು, ದೊಡ್ಡ ವೈ ಅಂದರೆ ನಾಲ್ಕಂಕಿಯ ವರ್ಷ. ನಿಮಿಷಕ್ಕೆ ಸಣ್ಣ ಐ. ಅಲ್ಲಿ ಎಂ ಹಾಕಿದರೆ ನಿಮಿಷದ ಜಾಗದಲ್ಲಿ ತಿಂಗಳು ಬಂದು ಕೂರುತ್ತೆ!

ನಾನು ಮರೆತದ್ದು ಊರು. ಏನೂ ಹೇಳದಿದ್ದರೆ ಪಿಎಚ್‌ಪಿ ಯುಟಿಸಿ ಅಂದುಕೊಳ್ಳುತ್ತೆ. ನಾನು ಹೇಳಿದ ಸಂಖ್ಯೆ ನಮಗೆ ಏಪ್ರಿಲ್ 1, ಬೆಳಗಿನ ಜಾವ 2 ಗಂಟೆ. ಯುಟಿಸಿಯಲ್ಲಿ ಮಾರ್ಚ್ 31, ರಾತ್ರಿ 8.30. ಅಂದರೆ ಮಧ್ಯರಾತ್ರಿಯಿಂದ 5.30ರೊಳಗೆ ಬಂದ ಪ್ರತಿ ಆರ್ಡರ್‌ಗೂ ಹಿಂದಿನ ದಿನದ ತಾರೀಖು.

ಮೊದಲು ಏನು ಮಾಡಿದೆ ಗೊತ್ತಾ? ಐದೂವರೆ ಗಂಟೆ, ಅಂದರೆ 19,800 ಸೆಕೆಂಡ್ ಕೂಡಿಸಿಬಿಟ್ಟೆ. ಇದು ಮಾಡಬೇಡಿ. ಆ ಸಂಖ್ಯೆ ಬೇರೆಯೇ ಕ್ಷಣದ್ದಾಗುತ್ತೆ. ನಾಳೆ ಯಾರಾದರೂ ಸರ್ವರ್‌ನ ಟೈಮ್‌ಝೋನ್ ಸರಿಮಾಡಿದರೆ ಐದೂವರೆ ಗಂಟೆ ಎರಡು ಸಲ ಸೇರುತ್ತೆ. ಸಂಖ್ಯೆ ಮುಟ್ಟಬೇಡಿ, ಟೈಮ್‌ಝೋನನ್ನು 'ಏಷ್ಯಾ/ಕೋಲ್ಕತ್ತಾ' ಅಂತ ಕೊಡಿ. ಬೆಂಗಳೂರು ಅಂತ ಹುಡುಕಬೇಡಿ, ಆ ಪಟ್ಟಿಯಲ್ಲಿ ಇಡೀ ಭಾರತಕ್ಕೆ ಇದೊಂದೇ ಹೆಸರು.

ಇನ್ನೊಂದು. ಜಾವಾಸ್ಕ್ರಿಪ್ಟ್ ಎಣಿಸೋದು ಮಿಲಿಸೆಕೆಂಡ್, ಅಲ್ಲಿ 13 ಅಂಕಿ ಬರುತ್ತೆ. 1000ದಿಂದ ಭಾಗಿಸದೆ ಪಿಎಚ್‌ಪಿಗೆ ಕೊಟ್ಟರೆ 56,000 ದಾಟಿದ ಇಸವಿ ಬರುತ್ತೆ.

ರಿಟರ್ನ್ ಹಾಕೋ ಮುಂಚೆ ಸಿಕ್ಕಿದ್ದಕ್ಕೆ ನಾವು ಬಚಾವಾದೆವು. ನೀವು ಇವತ್ತೇ 1711917000 ಹಾಕಿ ನೋಡಿ. ಮಾರ್ಚ್ 31 ಅಂತ ಬಂದರೆ, ಆಡಿಟರ್ ಫೋನ್ ಬರೋಕೆ ಮುಂಚೆ ಸರಿಮಾಡಿಕೊಳ್ಳಿ. ಮುಂದಿನ ಕಂತಿನಲ್ಲಿ ಸಿಗೋಣ.