12 ವೋಲ್ಟ್ ಬಂದರೆ ವೈರು ಸರಿಯಿದೆ ಎಂದೇ?

ಗುಂಡಿ ಒತ್ತಿದರೆ ಕಾರಿನ ಡಿಕ್ಕಿ ಬಾಗಿಲು ತಾನಾಗಿ ಏಳಬೇಕು. ಏಳುವುದಿಲ್ಲ, ಇಲ್ಲವೇ ಒಂದು ಗೇಣು ಎದ್ದು ಅಲ್ಲೇ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಫ್ಯೂಸ್ ನೋಡುತ್ತಾರೆ, ಸುಟ್ಟಿಲ್ಲ. ಮೋಟಾರಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಬರುತ್ತದೆ. ‘ಕರೆಂಟ್ ಬರ್ತಿದೆ, ಮೋಟಾರೇ ಹೋಗಿದೆ’ ಎಂಬ ತೀರ್ಮಾನ ಹೊರಬೀಳುತ್ತದೆ. ಕೇಳಲು ಸರಿಯೆನಿಸುವ ಈ ತೀರ್ಮಾನಕ್ಕೆ ಬುಡವಿಲ್ಲ. ಅದರ ದಂಡ ತೆರುವವರು ಮಾತ್ರ ಗಾಡಿಯ ಮಾಲೀಕರು.

ಅಳೆಯುವಾಗ ಮಲ್ಟಿಮೀಟರ್ ವೈರಿನಿಂದ ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಇಲ್ಲದಷ್ಟು. ವೈರಿನೊಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಉಳಿದಿದ್ದರೂ ಅದು 12 ವೋಲ್ಟನ್ನೇ ತೋರಿಸುತ್ತದೆ. ವೈರು ಕಡಿದಿದೆಯೇ ಎಂದು ನೋಡುವ ಮೀಟರಿನ ಬೀಪ್ ಪರೀಕ್ಷೆಯಲ್ಲೂ ಆ ವೈರು ಪಾಸಾಗುತ್ತದೆ. ಆದರೆ ಭಾರದ ಬಾಗಿಲನ್ನು ಎತ್ತುವ ಮೋಟಾರಿಗೆ ಹಲವು ಆಂಪಿಯರ್ ಬೇಕು. ತುಂಡಾದ ಜಾಗದಲ್ಲಿ ಅರ್ಧ ಓಮ್ ತಡೆ ಹುಟ್ಟಿಕೊಂಡಿದೆ ಎನ್ನೋಣ. 10 ಆಂಪಿಯರ್ ಹರಿಯುವಾಗ ಅಲ್ಲೇ 5 ವೋಲ್ಟ್ ಸೋರಿಹೋಗಿ, ಮೋಟಾರಿಗೆ ತಲುಪುವುದು 7 ಮಾತ್ರ. ಫ್ಯೂಸಿನ ಸಾಕ್ಷಿಯೂ ಇಲ್ಲಿ ನಿಲ್ಲದು: ಅದು ಸುಡುವುದು ಕರೆಂಟು ಮಿತಿಮೀರಿದಾಗ, ಇಲ್ಲಿರುವುದು ಕರೆಂಟು ಸಾಲದ ಕಾಯಿಲೆ.

ವೈರು ತುಂಡಾಗುವ ಜಾಗವೂ ಬಹುಪಾಲು ಗೊತ್ತಿರುವಂಥದ್ದೇ. ಚಾವಣಿಯ ಅಂಚಿನಿಂದ ಬಾಗಿಲಿಗೆ ದಾಟುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯನ್ನು ಜಾರಿಸಿ ನೋಡಿ. ಬಾಗಿಲು ತೆರೆದಾಗಲೆಲ್ಲ ಒಳಗಿನ ವೈರುಗಳು ಅದೇ ಒಂದು ಜಾಗದಲ್ಲಿ ಮಡಚಿ ಬಿಚ್ಚಿಕೊಳ್ಳುತ್ತವೆ. ಕೆಲವೆಡೆ ಹೊರಪದರ ಬಿರಿದು ಹಸಿರುಗಟ್ಟಿದ ತಾಮ್ರ ಇಣುಕುತ್ತದೆ. ಹೊರಪದರ ಚೆನ್ನಾಗಿಯೇ ಇದ್ದು ಒಳಗೆ ಮುರಿದಿರುವ ವೈರುಗಳೇ ಹೆಚ್ಚು ಮೋಸ ಮಾಡುವಂಥವು. ಒಂದೊಂದನ್ನೇ ಮೆಲ್ಲಗೆ ಎಳೆದರೆ ಅಂಥ ವೈರು ರಬ್ಬರಿನಂತೆ ಹಿಗ್ಗುತ್ತದೆ, ಗಟ್ಟಿ ವೈರು ಹಿಗ್ಗುವುದಿಲ್ಲ. ಇದೇ ಕೊಳವೆಯಲ್ಲಿ ನಂಬರ್ ಪ್ಲೇಟಿನ ದೀಪ, ಹಿಂದಿನ ವೈಪರ್, ಕ್ಯಾಮೆರಾಗಳ ವೈರುಗಳೂ ಸಾಗುವುದುಂಟು. ಅವುಗಳಲ್ಲಿ ಯಾವುದಾದರೂ ಆಗಾಗ ಕೈಕೊಡುತ್ತಿದ್ದರೆ ಮೋಟಾರಿನ ಮೇಲೆ ಅನುಮಾನಪಡುವ ಮುನ್ನ ಇಲ್ಲಿಗೇ ಬರಬೇಕು.

‘ಸ್ಕ್ಯಾನರೇ ಮೋಟಾರ್ ಸರ್ಕ್ಯೂಟ್ ದೋಷ ಅಂತ ಹೇಳ್ತಿದೆಯಲ್ಲ’ ಎನ್ನಬಹುದು. ಸರ್ಕ್ಯೂಟ್ ಎಂದರೆ ಮೋಟಾರಷ್ಟೇ ಅಲ್ಲ. ಹೋಗುವ ವೈರು, ಬರುವ ವೈರು, ಕನೆಕ್ಟರ್ ಎಲ್ಲವೂ ಸೇರಿ. ಬಾಗಿಲು ಎಷ್ಟು ಸರಿಯಿತೆಂದು ಎಣಿಸುವ ಸೆನ್ಸರಿನ ಸಣ್ಣ ವೈರು ಕಡಿದರೂ ಕಂಟ್ರೋಲರ್ ‘ಬಾಗಿಲು ಸಿಕ್ಕಿಕೊಂಡಿದೆ’ ಎಂದುಕೊಂಡು ನಿಲ್ಲಿಸಿಬಿಡುತ್ತದೆ. ಹೊಸ ಮೋಟಾರ್ ಹಾಕಿದ ಮೇಲೆ ನಾಲ್ಕು ದಿನ ಸರಿಹೋಗುವುದೂ ಪುರಾವೆಯಲ್ಲ: ಕೆಲಸದ ಎಳೆದಾಟದಲ್ಲಿ ಮುರಿದ ಎಳೆಗಳು ಮತ್ತೆ ತಾಕಿಕೊಂಡಿರಬಹುದು. ಹಾಗೆಂದು ಮೋಟಾರ್ ಕೆಡುವುದೇ ಇಲ್ಲವೆಂದಲ್ಲ. ನೀರು ಇಳಿದು ಕೆಡುತ್ತದೆ, ಬಾಗಿಲನ್ನು ಎತ್ತಲು ನೆರವಾಗುವ ಸ್ಪ್ರಿಂಗ್ ಸೋತರೆ ಭಾರವೆಲ್ಲ ಮೋಟಾರಿನ ಮೇಲೆ ಬೀಳುತ್ತದೆ. ಆದರೆ ಮೋಟಾರ್ ಕೆಟ್ಟಿದೆ ಎನ್ನಲು ವೈರು ನಿರ್ದೋಷಿಯೆಂದು ಮೊದಲು ಸಾಬೀತಾಗಬೇಕು, ಅಷ್ಟೇ.

ಸಾಬೀತಿಗೆ ಹೆಡ್‌ಲೈಟಿನ 55 ವ್ಯಾಟ್ ಬಲ್ಬು ಸಾಕು. ಮೋಟಾರಿನ ದಪ್ಪ ವೈರನ್ನು ಎರಡೂ ತುದಿಯಲ್ಲಿ ಬಿಚ್ಚಿ, ಒಂದು ತುದಿಗೆ ಫ್ಯೂಸ್ ಮೂಲಕ ಬ್ಯಾಟರಿ, ಇನ್ನೊಂದಕ್ಕೆ ಬಲ್ಬು ಜೋಡಿಸಿ ಅರ್ಥ್ ಕೊಡಬೇಕು. ಸುಮಾರು ನಾಲ್ಕೂವರೆ ಆಂಪಿಯರ್ ಹರಿಯುತ್ತದೆ. ಸೆನ್ಸರಿನ ಸಣ್ಣ ವೈರುಗಳಿಗೆ ಈ ಪರೀಕ್ಷೆ ಬೇಡ. ಈಗ ಬಾಗಿಲನ್ನು ಕೈಯಿಂದ ಮೇಲಕ್ಕೂ ಕೆಳಕ್ಕೂ ಆಡಿಸಿ. ಬಲ್ಬು ಪೂರ್ತಿ ಬೆಳಕಿನಿಂದ ಒಂದೇ ಸಮ ಉರಿದರೆ ಆ ವೈರನ್ನು ನಂಬಬಹುದು. ಯಾವುದೋ ಒಂದು ಕೋನದಲ್ಲಿ ಮಂಕಾದರೆ ಮೋಟಾರನ್ನು ಮುಟ್ಟದೆ ಆ ರಬ್ಬರ್ ಕೊಳವೆಯನ್ನೇ ಬಿಚ್ಚಬೇಕು.