ಗಮನ ನಿಲ್ಲದ ತೊಂದರೆ ದೊಡ್ಡವರಿಗೂ ಇದೆ, ಅದಕ್ಕೆ ದಾರಿಯೂ ಇದೆ



ಹೈನುಗಾರಿಕೆ ಗಡಿಯಾರದ ಮೇಲೆ ನಡೆಯುವ ಕೆಲಸ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಘದಲ್ಲಿ ಹಾಲು ಅಳೆಯುವುದು ಸ್ವಲ್ಪ ಹೊತ್ತು ಮಾತ್ರ. ಬೆದೆಗೆ ಬಂದ ಹಸು ನಾಡಿದ್ದಿನವರೆಗೆ ಕಾಯುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆಯವರು ಊರಿಗೆ ಬಂದ ದಿನ ಹಸು ಹೊಲದಲ್ಲಿದ್ದರೆ ಆ ಸುತ್ತು ತಪ್ಪಿತು. ಇಂಥ ಕಸುಬಿನಲ್ಲಿ ಮರೆತರೆ, ತಡ ಮಾಡಿದರೆ, ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಅದರ ದಂಡ ಬಟವಾಡೆಯ ದಿನವೇ ಕೈಗೆ ಸಿಗುತ್ತದೆ.

ಎಲ್ಲರೂ ಒಮ್ಮೊಮ್ಮೆ ಮರೆಯುತ್ತಾರೆ. ಆದರೆ ಪ್ರತಿ ಊರಿನಲ್ಲೂ ಕೆಲವರಿರುತ್ತಾರೆ, ಅವರಿಗೆ ಇದು ದಿನದಿನದ ಪಾಡು. ಹಿಂಡಿ ನೆನೆಹಾಕಲು ಹೋದವರು ದಾರಿಯಲ್ಲಿ ಪೊರಕೆ ಕಂಡು ಕೊಟ್ಟಿಗೆ ಗುಡಿಸಲು ನಿಲ್ಲುತ್ತಾರೆ, ಗುಡಿಸುವುದನ್ನು ಬಿಟ್ಟು ಕರುವಿಗೆ ನೀರು ಇಡಲು ಹೋಗುತ್ತಾರೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಹಿಂಡಿ ಒಣಗಿಯೇ ಇರುತ್ತದೆ. ಹಾಲಿನ ಪುಸ್ತಕ ಎಲ್ಲಿಟ್ಟೆ ಎಂದು ಹುಡುಕುವುದರಲ್ಲೇ ಹತ್ತು ನಿಮಿಷ. ಮನೆಯವರ ಬಾಯಲ್ಲಿ ಒಂದೇ ಮಾತು: "ನಿನಗೆ ಜ್ಞಾನ ಎಲ್ಲಿರುತ್ತೆ?" ಈ ಮಾತನ್ನು ಶಾಲೆಗೆ ಹೋಗುವಾಗಿನಿಂದ ಕೇಳುತ್ತಾ ಬಂದವರು ನೀವಾಗಿದ್ದರೆ ಈ ಲೇಖನ ನಿಮಗಾಗಿ.

ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ಅರ್ಥ. ಬಹಳ ಕಾಲ ಇದನ್ನು ಮಕ್ಕಳ ತೊಂದರೆ ಎಂದೇ ತಿಳಿದಿದ್ದರು, ದೊಡ್ಡವರಾದಂತೆ ಹೋಗುತ್ತದೆ ಎಂದುಕೊಂಡಿದ್ದರು. ಹಾಗಲ್ಲ ಎಂದು ಈಗ ಗೊತ್ತಾಗಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ತಿದ್ದಿದಾಗ ದೊಡ್ಡವರಲ್ಲಿ ಇದನ್ನು ಗುರುತಿಸುವ ಅಳತೆಯನ್ನೂ ಸೇರಿಸಿತು. ನೂರು ವಯಸ್ಕರಲ್ಲಿ ಎರಡು ಮೂರು ಮಂದಿಗೆ ಇದು ಇರಬಹುದು ಎಂಬುದು ಲೋಕದ ಅಂದಾಜು. ಅಂದರೆ 200 ಮಂದಿ ಹಾಲು ಹಾಕುವ ಒಂದು ಸಂಘದಲ್ಲಿ ನಾಲ್ಕೈದು ಮಂದಿ.

ಹೆಣ್ಣುಮಕ್ಕಳಲ್ಲಿ ಇದು ಕಣ್ಣಿಗೆ ಬೀಳದೆ ಉಳಿಯುವುದೇ ಹೆಚ್ಚು. ತರಗತಿಯಲ್ಲಿ ಬೆಂಚು ಹತ್ತಿ ಕುಣಿಯುವ ಹುಡುಗನನ್ನು ಮೇಷ್ಟ್ರು ಕರೆದು ಅಪ್ಪನಿಗೆ ಹೇಳಿ ಕಳಿಸುತ್ತಾರೆ. ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಅವಳು ಬೆಳೆದು, ಮದುವೆಯಾಗಿ, ಎರಡು ಹಸು, ಮೂರು ಮಕ್ಕಳು, ಅತ್ತೆ ಮಾವ, ಸ್ವಸಹಾಯ ಸಂಘದ ಕಂತು ಎಲ್ಲವೂ ತಲೆಯ ಮೇಲೆ ಬಿದ್ದಾಗ ಅದುವರೆಗೆ ಹೇಗೋ ಮುಚ್ಚಿಕೊಂಡಿದ್ದ ತೊಂದರೆ ಹೊರಬರುತ್ತದೆ. ಆಗ ಊರು ಅವಳಿಗೆ ಕೊಡುವ ಹೆಸರು ಸೋಂಬೇರಿ, ಇಲ್ಲವೇ ಬೇಜವಾಬ್ದಾರಿ.

"ಬೇಕು ಅಂದ್ರೆ ಮಾಡ್ತಾಳೆ"

ಈ ದೂರು ಒಂದನ್ನು ಮಾತ್ರ ಬಿಡಿಸಿ ನೋಡಬೇಕು, ಯಾಕೆಂದರೆ ಹೆಚ್ಚು ನೋವು ಕೊಡುವುದು ಇದೇ.

ಭೀಮಸಮುದ್ರದ ಕಡೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆ ಹಾಲು ಹಾಕಿ ಬಂದು ಅಡಿಕೆ ಸುಲಿಯಲು ಕೂರುತ್ತಾರೆ. ಅಲ್ಲಿ ಸುತ್ತ ಹತ್ತು ಜನ, ಮಾತು, ನಗು, ಸುಲಿದಷ್ಟಕ್ಕೆ ಕೂಲಿ. ಮನೆಯಲ್ಲಿ ಒಂದು ಪಾತ್ರೆ ತೊಳೆಯುವಷ್ಟರಲ್ಲಿ ಮೂರು ಸಲ ಎದ್ದು ಹೋಗುವವಳು ಅಲ್ಲಿ ಎಲ್ಲರಿಗಿಂತ ಮುಂದೆ ಇರಬಹುದು. ನೋಡಿದವರು ಏನು ಹೇಳುತ್ತಾರೆ? "ನೋಡು, ಬೇಕು ಅಂದ್ರೆ ಮಾಡ್ತಾಳೆ. ಮನೆ ಕೆಲಸಕ್ಕೆ ಮಾತ್ರ ಕಳ್ಳಾಟ."

ಅದು ಕಳ್ಳಾಟವಲ್ಲ, ಈ ತೊಂದರೆಯ ಗುಣವೇ ಹಾಗೆ. ಇವರ ಮೆದುಳಿಗೆ ಗಮನವೇ ಇಲ್ಲ ಎಂದಲ್ಲ. ಗಮನವನ್ನು ಬೇಕಾದ ಕಡೆಗೆ ತಿರುಗಿಸಿ, ಬೇಕಾದಷ್ಟು ಹೊತ್ತು ನಿಲ್ಲಿಸುವ ಹಿಡಿತ ಕಡಿಮೆ. ಹೊಸದಾಗಿದ್ದರೆ, ಜೊತೆಗೆ ಜನರಿದ್ದರೆ, ಫಲ ಆಗಲೇ ಕೈಗೆ ಬರುವಂತಿದ್ದರೆ ಗಮನ ತಾನಾಗಿ ಕೂರುತ್ತದೆ. ಒಬ್ಬರೇ ಮಾಡುವ, ದಿನವೂ ಅದೇ ಆದ, ಫಲ ತಿಂಗಳ ನಂತರ ಕಾಣುವ ಕೆಲಸದಲ್ಲಿ ಜಾರಿಬಿಡುತ್ತದೆ. ಹಾಲಿನ ಲೆಕ್ಕ ಬರೆಯುವುದು, ಬೆದೆಯ ದಿನ ನೆನಪಿಡುವುದು, ಜಂತಿನ ಔಷಧ ಕುಡಿಸುವುದು ಎಲ್ಲವೂ ಈ ಎರಡನೇ ಗುಂಪಿನವು. ಕಣ್ಣು ಮಂಜಾದವರಿಗೆ "ಮನಸ್ಸಿಟ್ಟು ನೋಡು" ಎಂದು ಗದರಿದರೆ ಅಕ್ಷರ ಕಾಣುತ್ತದೆಯೇ? ಅತ್ತೆಯಂದಿರು, ಗಂಡಂದಿರು ಈ ಪುಟ ಓದುವುದಾದರೆ ಇಷ್ಟನ್ನಾದರೂ ಓದಲಿ.

ಗುರುತಿಸುವುದು ಹೇಗೆ

ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ತಜ್ಞರು ದೊಡ್ಡವರಿಗಾಗಿ 6 ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಮಾಡಿದ್ದಾರೆ. ಅದರ ತಿರುಳನ್ನು ನಮ್ಮ ಕೊಟ್ಟಿಗೆಯ ಭಾಷೆಯಲ್ಲಿ ಹೀಗೆ ಕೇಳಿಕೊಳ್ಳಬಹುದು. ಕಷ್ಟದ ಭಾಗವೆಲ್ಲ ಮುಗಿಸಿ ಕೊನೆಯ ಚೂರು ಕೆಲಸ ಹಾಗೇ ಬಿಡುತ್ತೀರಾ? ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿಕೊಳ್ಳಲು ಒದ್ದಾಡುತ್ತೀರಾ? ಡಾಕ್ಟರು ಹೇಳಿದ ದಿನ, ಕಂತಿನ ದಿನ, ಸಭೆಯ ದಿನ ಮರೆಯುತ್ತೀರಾ? ತಲೆ ಓಡಿಸಬೇಕಾದ ಕೆಲಸವನ್ನು ಮುಂದೂಡುತ್ತಲೇ ಇರುತ್ತೀರಾ? ಸಂಘದ ಸಭೆಯಲ್ಲಿ ಹೆಚ್ಚು ಹೊತ್ತು ಕೂರಬೇಕಾದರೆ ಕೈಕಾಲು ಸುಮ್ಮನಿರುವುದಿಲ್ಲವೇ? ಒಳಗೆ ಯಾರೋ ಯಂತ್ರ ಚಾಲೂ ಮಾಡಿದಂತೆ ಓಡಾಡುತ್ತಲೇ ಇರುತ್ತೀರಾ? ಕಳೆದ ಆರು ತಿಂಗಳಲ್ಲಿ ಇವುಗಳಲ್ಲಿ ನಾಲ್ಕಕ್ಕೆ "ಹೌದು, ಆಗಾಗ" ಎಂದರೆ ವೈದ್ಯರನ್ನು ಕಾಣಲು ಕಾರಣವಿದೆ. ಕಾಯಿಲೆ ಇದೆ ಎಂದೇ ಇದರ ಅರ್ಥವಲ್ಲ.

ಇನ್ನೆರಡು ಮಾತು ಮುಖ್ಯ. ಒಂದು, ಇದು 12 ವರ್ಷ ತುಂಬುವ ಮೊದಲೇ ಯಾವುದಾದರೂ ರೂಪದಲ್ಲಿ ಕಂಡಿರಬೇಕು. ಎರಡು, ಮನೆಯಲ್ಲೂ ಹೊರಗೂ, ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಇರಬೇಕು. 40 ದಾಟಿದ ಮೇಲೆ ಹೊಸದಾಗಿ ಮರೆವು ಶುರುವಾಗಿದ್ದರೆ ಕಾರಣ ಬೇರೆಯೇ ಇರುವ ಸಂಭವ ಹೆಚ್ಚು. ರಕ್ತಹೀನತೆ ಮೊದಲನೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧದ ಆಸುಪಾಸಿನಷ್ಟು ಮಂದಿಗೆ ರಕ್ತ ಕಡಿಮೆ. ಥೈರಾಯ್ಡ್, ಮುಟ್ಟು ನಿಲ್ಲುವ ಕಾಲ, ಖಿನ್ನತೆ, ಸಕ್ಕರೆ ಕಾಯಿಲೆ ಕೂಡ ತಲೆಯನ್ನು ಮಂಕು ಮಾಡುತ್ತವೆ. ನಿದ್ದೆಯ ವಿಷಯವಂತೂ ಹೇಳುವುದೇ ಬೇಡ. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದು ಸಗಣಿ ಬಾಚುವವರಿಗೆ ಮಧ್ಯಾಹ್ನ ಗಮನ ನಿಲ್ಲದಿದ್ದರೆ ಅದಕ್ಕೆ ಇಂಗ್ಲಿಷ್ ಹೆಸರು ಬೇಕಿಲ್ಲ, ನಿದ್ದೆ ಬೇಕು.

ಈ ತೊಂದರೆಯನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ರಕ್ತ ತೆಗೆಯುವುದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ವೈದ್ಯರು ಕೂರಿಸಿಕೊಂಡು ಮಾತನಾಡಿಸಿ, ಚಿಕ್ಕಂದಿನ ವಿಷಯ ಕೇಳಿಯೇ ತಿಳಿಯುತ್ತಾರೆ. ಇದು ಬಹುಮಟ್ಟಿಗೆ ರಕ್ತಸಂಬಂಧದಲ್ಲಿ ಬರುವಂಥದ್ದು. ಮಗನಿಗೋ ಮಗಳಿಗೋ ಇದೆ ಎಂದು ಡಾಕ್ಟರು ಹೇಳಿದಾಗ "ನಾನೂ ಹೀಗೇ ಇದ್ದೆನಲ್ಲ" ಎಂದು ತಾಯಿಗೆ ಹೊಳೆಯುವುದು ಅಪರೂಪವಲ್ಲ.

ಚಿಕಿತ್ಸೆಯಲ್ಲಿ ಮಾತ್ರೆಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಸಾಮಾನ್ಯವಾಗಿ ಬೇಗ ಕೆಲಸ ಮಾಡುತ್ತದೆ. ಆಟೊಮಾಕ್ಸೆಟಿನ್‌ನ ಗುಣ ಪೂರ್ತಿ ಕಾಣಲು ಕೆಲವು ವಾರ ಬೇಕು. ಎರಡರಲ್ಲೂ ಹಸಿವು ಕಡಿಮೆಯಾಗಬಹುದು, ಬಿ.ಪಿ., ಎದೆಬಡಿತ ಏರಬಹುದು. ಹೃದಯದ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡುತ್ತಿದ್ದರೆ ಮೊದಲೇ ಹೇಳಿ. ಮಗನಿಗೆ ಬರೆದುಕೊಟ್ಟ ಮಾತ್ರೆಯನ್ನು ತಾಯಿ ನುಂಗಿ ನೋಡುವುದು ಬೇಡವೇ ಬೇಡ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೂ ಮಾತ್ರೆ ಹಾಲಿನ ಪುಸ್ತಕವನ್ನು ಹುಡುಕಿಕೊಡುವುದಿಲ್ಲ, ದಿನದ ಕೆಲಸವನ್ನು ಬೇರೆ ರೀತಿ ಜೋಡಿಸಿಕೊಳ್ಳಲೇಬೇಕು.

ನೆನಪನ್ನು ತಲೆಯಿಂದ ಗೋಡೆಗೆ ಇಳಿಸಿ

ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಬೇಕೆಂಬ ಹಟ ಬಿಡಿ. ಕೊಟ್ಟಿಗೆಯ ಗೋಡೆಗೆ ದೊಡ್ಡ ಅಂಕಿಯ ಒಂದು ಕ್ಯಾಲೆಂಡರ್, ಅದಕ್ಕೆ ದಾರ ಕಟ್ಟಿದ ಪೆನ್ನು. ದಾರ ಇಲ್ಲದಿದ್ದರೆ ಪೆನ್ನು ನಾಳೆ ಅಲ್ಲಿರುವುದಿಲ್ಲ! ಹಸು ಬೆದೆಗೆ ಬಂದ ದಿನ ಸುತ್ತು ಹಾಕಿ, ಅಲ್ಲಿಂದ 21 ದಿನ ಎಣಿಸಿ ಇನ್ನೊಂದು ಸುತ್ತು ಆಗಲೇ ಹಾಕಿಬಿಡಿ. ಆ ದಿನದ ಆಚೀಚೆ ಎರಡು ಮೂರು ದಿನ ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಹಸುವನ್ನು ನೋಡಲು ಫೋನಿನಲ್ಲಿ ಅಲಾರಾಂ ಇಡಿ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ನಿಮಗೆ ಗೊತ್ತಿರುವ ಲೆಕ್ಕ. ಒಂದು ಬೆದೆ ತಪ್ಪಿದರೆ ಮತ್ತೆ ಮೂರು ವಾರ ಬರಿಯ ಮೇವಿನ ಖರ್ಚು.

ಕೆಚ್ಚಲು ಬಾವಿಗೆ ಔಷಧ ಕೊಡಿಸಿದ ಹಸುವಿನ ವಿಷಯದಲ್ಲಿ ನೆನಪನ್ನು ನಂಬಲೇಬೇಡಿ. ಚುಚ್ಚುಮದ್ದು ಕೊಟ್ಟ ಕ್ಷಣವೇ ಅದರ ಕೊರಳಿಗೆ ಕೆಂಪು ಬಟ್ಟೆ ಕಟ್ಟಿ. ಪಶುವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಅದನ್ನು ಬಿಚ್ಚಬಾರದು, ಆ ಹಾಲು ಕ್ಯಾನಿಗೆ ಹೋಗಬಾರದು. ನೀವು ಊರಲ್ಲಿಲ್ಲದ ದಿನ ಮಗಳು ಕರೆದರೂ ಬಟ್ಟೆ ಅವಳಿಗೆ ಹೇಳುತ್ತದೆ. ಔಷಧದ ಅಂಶವಿರುವ ಒಬ್ಬರ ಹಾಲು ಸಂಘದ ಎಲ್ಲರ ಹಾಲಿನಲ್ಲಿ ಬೆರೆಯುತ್ತದೆ, ಮೊಸರು ಹೆಪ್ಪುಗಟ್ಟುವುದೂ ಕೆಡುತ್ತದೆ.

ಮೇವು ಕತ್ತರಿಸುವ ಯಂತ್ರದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಗಮನ ಜಾರುವ ತೊಂದರೆ ಇರುವವರಿಗೆ ಅಪಘಾತಗಳು ಹೆಚ್ಚು. ಕೈ ಸಿಕ್ಕರೆ ಬೆರಳಲ್ಲೇ ನಿಲ್ಲುವುದಿಲ್ಲ. ಯಂತ್ರ ಹಾಕುವಾಗ ಫೋನು ಮನೆಯೊಳಗಿರಲಿ. ಸ್ವಿಚ್ಚಿನ ಬಳಿ ಇನ್ನೊಬ್ಬರು ನಿಂತಿರಲಿ. ಸೆರಗು, ಬಳೆ, ಕೂದಲು ಕಟ್ಟಿಕೊಳ್ಳಿ. ಯಾರೂ ಜೊತೆಗಿಲ್ಲದ ದಿನ ಕುಡುಗೋಲಿನಲ್ಲೇ ಹೆಚ್ಚಿಕೊಳ್ಳಿ, ತಡವಾದರೆ ಆಗಲಿ.

ಉಳಿದವು ಸಣ್ಣವು. ಹಾಲಿನ ಪುಸ್ತಕ, ಬೀಗದ ಕೈ, ಕನ್ನಡಕ ಮೂರೂ ಒಂದೇ ಚೀಲದಲ್ಲಿ, ಚೀಲ ಕ್ಯಾನಿನ ಪಕ್ಕದ ಮೊಳೆಯಲ್ಲಿ. ಒಲೆಯ ಮೇಲೆ ಹಾಲಿಟ್ಟರೆ ಅಲ್ಲಿಂದ ಕದಲುವ ಮುನ್ನ ಫೋನಿನಲ್ಲಿ ಅಲಾರಾಂ. ಮಾಡಲಾಗದ ಲೆಕ್ಕದ ಕೆಲಸವನ್ನು ಪಕ್ಕದ ಮನೆಯವರ ಜೊತೆ ಕೂತು ಮಾಡಿ. ಅವರು ಸಹಾಯ ಮಾಡಬೇಕಿಲ್ಲ, ಅವರ ಪಾಡಿಗೆ ಅವರು ಅವರೆಕಾಯಿ ಸುಲಿಯುತ್ತಿದ್ದರೂ ಸಾಕು, ನಿಮ್ಮ ಕೆಲಸ ಮುಗಿಯುತ್ತದೆ. ಕಂತಿನ ಹಣವನ್ನು ಬಟವಾಡೆಯಾದ ದಿನವೇ ಕಟ್ಟಿ. ದುಡುಕಿ ಕೊಳ್ಳುವುದೂ ಈ ತೊಂದರೆಯ ಒಂದು ಮುಖ. ಸಂತೆಯಲ್ಲಿ ಹಸು ಮನಸ್ಸಿಗೆ ಬಂತೆಂದು ಮುಂಗಡ ಕೊಡುವ ಮೊದಲು ಎರಡು ರಾತ್ರಿ ಮಲಗಿ ಏಳಿ.

ಎಲ್ಲಿಗೆ ಹೋಗಬೇಕು

ಮನೋವೈದ್ಯರ ಬಳಿ ಹೋದರೆ ಊರಿನವರು ಹುಚ್ಚು ಎನ್ನುತ್ತಾರೆ ಎಂಬ ಅಳುಕು ಸಹಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬ ಹಕ್ಕನ್ನು ಕೊಟ್ಟಿದೆ. ಬೆಂಗಳೂರಿಗೆ ಓಡಬೇಕಾಗಿಯೂ ಇಲ್ಲ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಗಳಿಗೇ ಮಾನಸಿಕ ಚಿಕಿತ್ಸೆ ಮುಟ್ಟಿಸುವ ಪ್ರಯೋಗ ಮಾಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ, ಭೀಮಸಮುದ್ರದ ಕಡೆಯವರು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ತಿಳಿದುಕೊಂಡರೆ ಒಂದು ದಿನದ ಕೆಲಸ ಉಳಿಯುತ್ತದೆ.

ಹೋಗುವ ಮುನ್ನ ಒಂದು ವಾರ ಏನೇನು ಮರೆತಿರಿ, ಅದರಿಂದ ಏನಾಯಿತು ಎಂದು ಚೀಟಿಯಲ್ಲಿ ಬರೆದಿಡಿ, ಬರೆಯಲು ಬಾರದಿದ್ದರೆ ಫೋನಿನಲ್ಲಿ ಹೇಳಿ ಇಟ್ಟುಕೊಳ್ಳಿ. ಹಳೆಯ ಶಾಲಾ ಅಂಕಪಟ್ಟಿ ಇದ್ದರೆ ತೆಗೆದುಕೊಂಡು ಹೋಗಿ. ನಿಮ್ಮನ್ನು ಚಿಕ್ಕಂದಿನಲ್ಲಿ ಕಂಡ ತಾಯಿಯೋ ಅಕ್ಕನೋ ಜೊತೆಗೆ ಬಂದರೆ ವೈದ್ಯರಿಗೆ ಬಹಳ ಅನುಕೂಲ. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಇರಲಿ.

ಆಸ್ಪತ್ರೆಗೆ ಹೋಗುವ ಮೊದಲು ಮಾತನಾಡಬೇಕೆನಿಸಿದರೆ, ಅಥವಾ ಬೈಗುಳ ಕೇಳಿ ಕೇಳಿ ಬದುಕೇ ಬೇಡವೆನಿಸುತ್ತಿದ್ದರೆ, ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ಈಗಲೇ ಕೊಟ್ಟಿಗೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.