ಹಳೇ ಸ್ಟೀರಿಯೊ ಮನೆಗೆ ತರುವ ಮುನ್ನ

‘ಹೊಸದಾದರೆ 40 ಸಾವಿರ, ಇದು ಬರೀ 8 ಸಾವಿರಕ್ಕೆ ಸಿಗ್ತಿದೆ’ ಅಂತ ಯಜಮಾನರೋ ಮಗನೋ ಹಳೇ ಸ್ಟೀರಿಯೊ ರಿಸೀವರ್‌ನ ಫೋಟೊ ತೋರಿಸಿದರೆ ತಕ್ಷಣ ಮೂಗು ಮುರಿಯಬೇಡಿ. ಆಂಪ್ಲಿಫೈಯರ್, ರೇಡಿಯೊ ಎರಡೂ ಸೇರಿರುವ ಪೆಟ್ಟಿಗೆ ಇದು. 1970–80ರ ದಶಕದ ಪಯೊನಿಯರ್, ಮರಾಂಟ್ಜ್, ಯಮಹಾ ಸೆಟ್‌ಗಳು ಎಷ್ಟೋ ಮನೆಗಳಲ್ಲಿ ಇಂದಿಗೂ ಚೆನ್ನಾಗಿ ಹಾಡುತ್ತಿವೆ. ಹಾಗಂತ ಹೊಳಪು ನೋಡಿ ದುಡ್ಡು ಎಣಿಸಬೇಡಿ.

ಮೊದಲು ಪೆಟ್ಟಿಗೆ ತಿರುಗಿಸಿ ಹಿಂಭಾಗ ನೋಡಿ. ಎಷ್ಟು ವೋಲ್ಟ್ ಎಂದು ಅಲ್ಲಿ ಬರೆದಿರುತ್ತದೆ. ನಮ್ಮ ಮನೆಗಳ ಕರೆಂಟು 230. ಅಮೆರಿಕದ ಸೆಟ್ಟು 120, ಜಪಾನಿನದು 100. ಪರಿಚಿತರೊಬ್ಬರ ಮನೆಯಲ್ಲಿ ಅಮೆರಿಕದಿಂದ ಬಂದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಒತ್ತಿದ್ದೇ ತಡ, ಹೊಗೆ! ಕೆಲವಕ್ಕೆ ವೋಲ್ಟೇಜ್ ಬದಲಿಸುವ ಸ್ವಿಚ್ ಹಿಂದೆಯೇ ಇರುತ್ತದೆ. ಇಲ್ಲವಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಖರ್ಚನ್ನೂ ಆ 8 ಸಾವಿರಕ್ಕೆ ಸೇರಿಸಿ ಲೆಕ್ಕ ಹಾಕಿ.

ಜಪಾನಿನವರು ತಮ್ಮ ದೇಶಕ್ಕೆಂದೇ ಮಾಡಿಕೊಂಡ ಹಳೇ ಸೆಟ್ಟಿನಲ್ಲಿ ಇನ್ನೊಂದು ಕಿರಿಕಿರಿ. ಅದರ ಎಫ್‌ಎಂ 76ರಿಂದ 90ರವರೆಗೆ ಮಾತ್ರ. ಬೆಂಗಳೂರಿನ ವಿವಿಧ ಭಾರತಿ ಬರುವುದು 102.9ರಲ್ಲಿ. ಅಡುಗೆ ಮಾಡ್ತಾ ರೇಡಿಯೊ ಕೇಳೋಣ ಅಂತಿದ್ದರೆ ಅಂಥದ್ದು ದಂಡ.

ಇನ್ನು ಕಿವಿಯ ಪರೀಕ್ಷೆ. ಎಸ್‌.ಪಿ. ರಸ್ತೆಯ ಅಂಗಡಿಯಿರಲಿ, ಯಾರದೋ ಮನೆಯಿರಲಿ, ಅರ್ಧ ಗಂಟೆಯಾದರೂ ಹಾಡಿಸದೆ ಕೊಳ್ಳಬೇಡಿ. ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಮೊಬೈಲಿನಲ್ಲಿ ಒಯ್ಯಿರಿ. ವಯೊಲಿನ್ ಎಲ್ಲಿ ಬರುತ್ತೆ, ಜಾನಕಿಯಮ್ಮ ಎಲ್ಲಿ ಉಸಿರು ತೆಗೆದುಕೊಳ್ತಾರೆ ಅನ್ನೋದು ಅಂಗಡಿಯವನಿಗಿಂತ ನಿಮಗೇ ಚೆನ್ನಾಗಿ ಗೊತ್ತಲ್ಲ! ಸ್ವಿಚ್ ಹಾಕಿ ಒಂದೆರಡು ಕ್ಷಣವಾದ ಮೇಲೆ ಒಳಗೆ ‘ಟಿಕ್’ ಅಂದು ಹಾಡು ಶುರುವಾದರೆ ಒಳ್ಳೆಯದೇ, ಸ್ಪೀಕರ್ ಕಾಯುವ ರಿಲೇ ಕೆಲಸ ಮಾಡುತ್ತಿದೆ ಎಂದರ್ಥ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೂ ಗಾಬರಿ ಬೇಡ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಸಾಮಾನ್ಯವಾಗಿ ಹೋಗುತ್ತೆ, ಚೌಕಾಸಿಗೂ ಒಂದು ನೆಪವಾಯಿತು. ವಾಲ್ಯೂಮ್ ಪೂರ್ತಿ ಇಳಿಸಿದ ಮೇಲೂ ‘ಗುಂಯ್’ ಅಂತಲೇ ಇದ್ದರೆ ಮಾತ್ರ ಯೋಚಿಸಿ, ಒಳಗಿನ ಕೆಪಾಸಿಟರ್‌ಗಳಿಗೆ ವಯಸ್ಸಾಗಿರಬಹುದು.

ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಒಂದು ಕಡೆ ದನಿಯೇ ಇಲ್ಲ, ಅಥವಾ ಬಿಸಿಯಾದ ಮೇಲೆ ಸುಟ್ಟ ವಾಸನೆ ಬಂತು ಅನ್ನಿ, ‘ಸಣ್ಣ ರಿಪೇರಿ ಅಕ್ಕಾ’ ಅನ್ನುವ ಮಾತಿಗೆ ಮರುಳಾಗದೆ ಎದ್ದು ಬನ್ನಿ. ಎಷ್ಟೋ ಸೆಟ್‌ಗಳಲ್ಲಿ ದನಿಗೆ ಬಲ ಕೊಡುವುದು ಎಸ್‌ಟಿಕೆ ಎಂಬ ದೊಡ್ಡ ಐಸಿ. ಅದರ ಅಸಲಿ ಮಾಲು ಸಿಗುವುದು ಕಷ್ಟ, ನಕಲಿ ಹಾಕಿಸಿದರೆ ಮತ್ತೆ ಮೆಕ್ಯಾನಿಕ್ ಮನೆಗೆ ಅಲೆದಾಟ.

ಎಲ್ಲ ಸರಿಯಿದ್ದು ತಂದಿರಾದರೆ ಗಾಳಿಯಾಡುವ ಕಡೆ ಇಡಿ. ಬಿಸಿ ಹೋಗಲೆಂದೇ ಮೇಲೆ ಕಿಂಡಿಗಳಿರುತ್ತವೆ. ಹಳೇ ಟಿವಿಗೆ ಹೊದಿಸುತ್ತಿದ್ದ ಕ್ರೋಶಾ ಬಟ್ಟೆ ಇದಕ್ಕೆ ಬೇಡ, ಹೂದಾನಿಯಂತೂ ಬೇಡವೇ ಬೇಡ.